ಸಣ್ಣ ದೋಣಿಗೆ ಎರಡನೇ ಬಿಲ್ಜ್ ಪಂಪ್: ನಾನು ಕೂರಿಸಿದ ರೀತಿ

ದೋಣಿ ಫೈಬರಿನದು. 18 ಅಡಿ ಉದ್ದ, ಹಿಂದೆ 40 ಎಚ್‌ಪಿಯ ಪೆಟ್ರೋಲ್ ಔಟ್‌ಬೋರ್ಡ್ ಎಂಜಿನ್. ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯ ಅಳಿವೆಯ ಒಳಗೆ ಹಗ್ಗ ಕಟ್ಟಿ ನಿಲ್ಲಿಸುವುದು, ವಾರಗಟ್ಟಲೆ ನೀರಿನ ಮೇಲೇ ಇರುತ್ತದೆ. ತಳದಲ್ಲಿ ಸೇರುವ ನೀರನ್ನು ಹೊರಹಾಕಲು ಗಂಟೆಗೆ 500 ಗ್ಯಾಲನ್ ಎತ್ತುವ ಬಿಲ್ಜ್ ಪಂಪ್ ಒಂದು ಹಿಂಬದಿಯ ತಳದಲ್ಲಿ ಮೊದಲಿನಿಂದಲೂ ಇತ್ತು. ಅದು ಕೈಕೊಟ್ಟರೆ ಇರಲಿ ಎಂದು 1100 ಗ್ಯಾಲನ್‌ನ ಇನ್ನೊಂದನ್ನು ಕೂರಿಸಿದೆ.

ಈ ಕೆಲಸದಲ್ಲಿ ನಾನು ಬಿಡದೆ ಪಾಲಿಸಿದ್ದು ಒಂದೇ ನಿಯಮ: ಎರಡನೇ ಪಂಪ್ ಮೊದಲನೆಯದರ ಜೊತೆ ಏನನ್ನೂ ಹಂಚಿಕೊಳ್ಳಬಾರದು. ಪೈಪ್ ಬೇರೆ, ನೀರು ಹೊರಗೆ ಬೀಳುವ ತೂತು ಬೇರೆ, ನೀರು ಏರಿದಾಗ ತೇಲಿ ಪಂಪನ್ನು ತಾನಾಗಿ ಓಡಿಸುವ ಫ್ಲೋಟ್ ಸ್ವಿಚ್ ಬೇರೆ, ಫ್ಯೂಸ್ ಬೇರೆ, ಕೊನೆಗೆ ಬ್ಯಾಟರಿಯೂ ಬೇರೆ. ಬಿಲ್ಜ್ ಪಂಪ್ ನಿಂತುಹೋದಾಗ ಮೋಟರ್ ಸುಟ್ಟಿರುವುದು ಕಡಿಮೆ. ಪಂಪಿನೊಳಗೆ ತಿರುಗುವ ಇಂಪೆಲ್ಲರ್‌ಗೆ ಬಲೆಯ ನೂಲು ಸುತ್ತಿರುತ್ತದೆ, ಫ್ಲೋಟ್ ಅಡಿಗೆ ಪ್ಲಾಸ್ಟಿಕ್ ಚೂರು ಸಿಕ್ಕಿರುತ್ತದೆ, ಫ್ಯೂಸ್ ಹೋಲ್ಡರ್ ಹಸಿರುಗಟ್ಟಿರುತ್ತದೆ, ಇಲ್ಲವೇ ಬ್ಯಾಟರಿ ಇಳಿದಿರುತ್ತದೆ. ಇವುಗಳಲ್ಲಿ ಒಂದನ್ನು ಎರಡು ಪಂಪಿಗೂ ಸೇರಿಸಿಟ್ಟರೆ ಆ ಒಂದು ಕೆಟ್ಟ ದಿನ ಎರಡೂ ನಿಲ್ಲುತ್ತವೆ.

ಪಂಪಿನ ಗಾತ್ರ ಆರಿಸುವ ಮೊದಲು ಲೆಕ್ಕ ಹಾಕಿದೆ. ನೀರಿನ ಮಟ್ಟದಿಂದ 30 ಸೆಂ.ಮೀ. ಕೆಳಗೆ 25 ಮಿ.ಮೀ. ಅಗಲದ ತೂತು ಬಿದ್ದರೆ ನಿಮಿಷಕ್ಕೆ ಸುಮಾರು 43 ಲೀಟರ್ ಒಳಗೆ ನುಗ್ಗುತ್ತದೆ, ಗಂಟೆಗೆ 2,600 ಲೀಟರ್. ತೂತು 38 ಮಿ.ಮೀ. ಆದರೆ ನಿಮಿಷಕ್ಕೆ 100 ಲೀಟರ್ ಹತ್ತಿರ. 500 ಗ್ಯಾಲನ್ ಎಂದರೆ ಗಂಟೆಗೆ 1,890 ಲೀಟರ್, ಅದೂ ಕಾಗದದ ಮೇಲೆ. ಡಬ್ಬಿಯ ಮೇಲಿನ ಅಂಕಿ ಪೈಪೇ ಇಲ್ಲದೆ, ನೀರನ್ನು ಮೇಲಕ್ಕೆತ್ತದೆ, ಎಂಜಿನ್ ಚಾರ್ಜ್ ಮಾಡುತ್ತಿರುವಾಗಿನ ವೋಲ್ಟೇಜ್‌ನಲ್ಲಿ ಅಳೆದದ್ದು. ದೋಣಿಯಲ್ಲಿ ಅದರ ಅರ್ಧದಿಂದ ಮೂರರಲ್ಲಿ ಎರಡು ಪಾಲು ಸಿಕ್ಕರೆ ಸರಿಯಾಗಿದೆ ಎಂದುಕೊಳ್ಳಬೇಕು. ಹಾಗಾಗಿ ಬದಲಿ ಪಂಪ್ ಮೊದಲಿನದಕ್ಕಿಂತ ದೊಡ್ಡದಿರಬೇಕು. ಚಿಕ್ಕದು ದಿನದ ಜಿನುಗು ನೀರಿಗೆ, ದೊಡ್ಡದು ಅಪಾಯಕ್ಕೆ. 1100 ಗ್ಯಾಲನ್ ಹಾಕಿದರೂ 38 ಮಿ.ಮೀ. ತೂತನ್ನು ಅದು ಗೆಲ್ಲುವುದಿಲ್ಲ. ತೂತು ಹುಡುಕಿ ಮರದ ಬಿರಡೆಯನ್ನೋ ಬಟ್ಟೆಯನ್ನೋ ಒತ್ತುವಷ್ಟು ಸಮಯ ಕೊಡುತ್ತದೆ, ಅಷ್ಟೇ.

ಮಳೆಯ ಲೆಕ್ಕ ಬೇರೆ. ಈ ದೋಣಿಗೆ ಮಳೆ ಹಿಡಿಯುವ ಜಾಗ ಸುಮಾರು 8 ಚದರ ಮೀಟರ್. 100 ಮಿ.ಮೀ. ಮಳೆ ಬಂದರೆ 800 ಲೀಟರ್ ನೀರು, ಎಂದರೆ 800 ಕಿಲೋ. ಹನ್ನೆರಡು ಜನ ಹತ್ತಿ ಕೂತಷ್ಟು ಭಾರ. ನಮ್ಮ ಕರಾವಳಿಯಲ್ಲಿ ಒಂದೇ ದಿನದಲ್ಲಿ ಅಷ್ಟು ಸುರಿಯುವುದು ಹೊಸದಲ್ಲ. ಆದರೂ ಇದನ್ನು ಎತ್ತಿಹಾಕಲು ದೊಡ್ಡ ಪಂಪಿಗೆ 20 ನಿಮಿಷ ಸಾಕು, ಬ್ಯಾಟರಿಯಿಂದ ಹೋಗುವುದು ಒಂದೂಕಾಲು ಆಂಪಿಯರ್-ಅವರ್ ಮಾತ್ರ. ಮಳೆಗೆ ಬ್ಯಾಟರಿ ಸಾಯುವುದಿಲ್ಲ. ಫ್ಲೋಟ್ ಮೇಲೆ ಸಿಕ್ಕಿಕೊಂಡು ಪಂಪ್ ಸುಮ್ಮನೆ ಓಡುತ್ತಿದ್ದರೆ ಸಾಯುತ್ತದೆ. ನನ್ನ ಪಂಪ್ ಎಳೆಯುವುದು 3.6 ಆಂಪಿಯರ್. 24 ಗಂಟೆ ಓಡಿದರೆ 86 ಆಂಪಿಯರ್-ಅವರ್. 80ರ ಬ್ಯಾಟರಿ ಮರುದಿನ ಬೆಳಗಾಗುವಷ್ಟರಲ್ಲಿ ಖಾಲಿ. ಎರಡನೇ ಪಂಪಿಗೆ 42 ಆಂಪಿಯರ್-ಅವರ್‌ನ ಪ್ರತ್ಯೇಕ ಸೀಲ್ಡ್ ಬ್ಯಾಟರಿ ಇಟ್ಟದ್ದು ಇದೇ ಕಾರಣಕ್ಕೆ. 20 ವ್ಯಾಟ್‌ನ ಸೋಲಾರ್ ಪ್ಯಾನೆಲ್ ಕಂಟ್ರೋಲರ್ ಮೂಲಕ ಅದನ್ನು ತುಂಬಿಡುತ್ತದೆ. ಬ್ಯಾಟರಿಯ ಜಾಗ ತಳದಿಂದ 25 ಸೆಂ.ಮೀ. ಮೇಲಿನ ಹಲಗೆ. ನೀರಲ್ಲಿ ಮೊದಲು ಮುಳುಗುವ ಜಾಗದಲ್ಲಿ ಬ್ಯಾಟರಿ ಇಟ್ಟರೆ ಬದಲಿ ಪಂಪ್ ಇದ್ದೂ ಇಲ್ಲದ ಹಾಗೆ.

ಎತ್ತರದ ವಿಷಯ ಸರಿಯಾಗಿ ಕೂರಬೇಕು. ಹಳೆಯ ಪಂಪ್ ಅತಿ ತಗ್ಗಿನಲ್ಲಿದೆ; ಅದರ ಫ್ಲೋಟ್ ಸುಮಾರು 5 ಸೆಂ.ಮೀ. ನೀರಿಗೆ ಏಳುತ್ತದೆ, 2 ಸೆಂ.ಮೀ.ಗೆ ಬೀಳುತ್ತದೆ. ಹೊಸ ಪಂಪಿನ ಬುಡವನ್ನು 6 ಸೆಂ.ಮೀ. ಮೇಲೆ, ಹೊಸ ಫ್ಲೋಟ್‌ನ ಬುಡವನ್ನು 7 ಸೆಂ.ಮೀ. ಮೇಲೆ ಇಟ್ಟೆ. ಅಲ್ಲಿಗೆ ಅದು 12 ಸೆಂ.ಮೀ. ನೀರಿಗೆ ಶುರುವಾಗಿ 9ಕ್ಕೆ ನಿಲ್ಲುತ್ತದೆ. ಫ್ಲೋಟ್ ಪಂಪಿಗಿಂತ ಒಂದು ಸೆಂಟಿಮೀಟರ್ ಮೇಲೇ ಇರಬೇಕು. ಕೆಳಗಿದ್ದರೆ ಪಂಪಿನ ಬಾಯಿಗೆ ನೀರು ಮುಗಿದ ಮೇಲೂ ಮೋಟರ್ ಒಣಗಿ ಓಡುತ್ತಿರುತ್ತದೆ. ಮೇಲಿಡುವುದರಿಂದ ಇನ್ನೊಂದು ಲಾಭವಿದೆ. ದಿನದ ಕೊಳಕು, ಎಣ್ಣೆ, ಮರಳು ಎಲ್ಲ ಕೆಳಗಿನ ಪಂಪಿನ ಪಾಲಿಗೆ ಹೋಗುತ್ತವೆ, ಮೇಲಿನದು ಬೇಕಾಗುವ ದಿನದವರೆಗೆ ಸ್ವಚ್ಛವಾಗಿ, ಒಣಗಿ ಕೂತಿರುತ್ತದೆ.

ದೋಣಿಯ ತಳಕ್ಕೆ ನೇರವಾಗಿ ಸ್ಕ್ರೂ ಹಾಕುವ ತಪ್ಪನ್ನು ಯಾರೂ ಮಾಡಬೇಡಿ. ತಳದ ಫೈಬರ್ ಕೆಲವು ಕಡೆ ನಾವು ಅಂದುಕೊಂಡದ್ದಕ್ಕಿಂತ ತೆಳುವಾಗಿರುತ್ತದೆ. ಹಿಂಬದಿಯಲ್ಲಿ ತಳವನ್ನು ಗಟ್ಟಿಗೊಳಿಸುವ ಎರಡು ಉದ್ದ ಪಟ್ಟಿಗಳ (ಸ್ಟ್ರಿಂಗರ್‌ಗಳ) ನಡುವೆ 18 ಮಿ.ಮೀ. ಮರೀನ್ ಪ್ಲೈವುಡ್‌ನ ಒಂದು ಹಲಗೆ, 20 ಸೆಂ.ಮೀ.ಗೆ 15 ಸೆಂ.ಮೀ., ಅಂಟಿಸಿದೆ. ಅದಕ್ಕೆ ಮೂರು ಕೋಟ್ ಎಪಾಕ್ಸಿ; ಕೊಯ್ದ ಅಂಚುಗಳಿಗೆ ಹೆಚ್ಚು, ಏಕೆಂದರೆ ನೀರು ಕುಡಿಯುವುದು ಅಂಚಿನಿಂದ. ಅಂಟಿಸುವ ಜಾಗವನ್ನು ಮೊದಲು ಅಸಿಟೋನ್‌ನಿಂದ ಒರೆಸಿ, ಆಮೇಲೆ 80 ನಂಬರ್ ಕಾಗದದಿಂದ ಉಜ್ಜಬೇಕು. ಉಲ್ಟಾ ಮಾಡಿದರೆ ಉಜ್ಜುವಾಗ ಎಣ್ಣೆಯ ಜಿಡ್ಡು ಗೀರುಗಳ ಒಳಗೆ ಸೇರಿ ಅಂಟು ಬಿಡುತ್ತದೆ. ಪಂಪಿನ ಬುಡದ ಜರಡಿಯನ್ನು ಹಲಗೆಗೆ 12 ಮಿ.ಮೀ. ಉದ್ದದ 316 ಸ್ಟೀಲ್ ಸ್ಕ್ರೂಗಳಲ್ಲಿ ಹಿಡಿಸಿದೆ. ಪ್ರತಿ ತೂತಿಗೂ ಒಂದು ಹನಿ ಸೀಲೆಂಟ್.

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ದೋಣಿಗಳು ದಡದ ಮೇಲಿರುವುದರಿಂದ ಇಂಥ ಕೆಲಸಕ್ಕೆ ಅದೇ ಬಿಡುವು. ಆದರೆ ಆ ಹೊತ್ತಿನ ತೇವಕ್ಕೆ ಎಪಾಕ್ಸಿಯ ಮೇಲೆ ಮೇಣದಂಥ ಜಾರುವ ಪದರ ಕಟ್ಟುತ್ತದೆ. ಅದರ ಮೇಲೇ ಮುಂದಿನ ಕೋಟ್ ಹಚ್ಚಿದರೆ ಸಿಪ್ಪೆಯಂತೆ ಏಳುತ್ತದೆ. ಬರೀ ಸಿಹಿನೀರು ಹಾಕಿ ನಾರಿನಿಂದ ಉಜ್ಜಿ ತೊಳೆದರೆ ಹೋಗುತ್ತದೆ, ಒಣಗಿದ ಮೇಲೆ ಕಾಗದ ಹಾಕಿ ಮುಂದುವರಿಯಬಹುದು. ಪಾಲಿಯೂರಿಥೇನ್ ಸೀಲೆಂಟಿಗೆ ಈ ತೊಂದರೆಯಿಲ್ಲ, ಅದು ಗಟ್ಟಿಯಾಗುವುದೇ ತೇವಾಂಶದಿಂದ.

ನೀರು ಹೊರಬೀಳುವ ತೂತಿನ ಜಾಗವನ್ನು ಖಾಲಿ ದೋಣಿ ನೋಡಿ ಗುರುತು ಹಾಕಬಾರದು. ಟ್ಯಾಂಕ್ ತುಂಬಿಸಿ, ಮೂವರು ದೊಡ್ಡವರನ್ನು ಹಿಂಬದಿಯಲ್ಲಿ ಕೂರಿಸಿ ನೀರಿನ ಗೆರೆ ಹಾಕಿದಾಗ ಅದು ಖಾಲಿ ದೋಣಿಯ ಗೆರೆಗಿಂತ 9 ಸೆಂ.ಮೀ. ಮೇಲಿತ್ತು. ಆ ಗೆರೆಯಿಂದ 22 ಸೆಂ.ಮೀ. ಮೇಲೆ ತೂತು ಕೊರೆದೆ. ತೂತು ನೀರಿನಡಿಗೆ ಹೋದರೆ ಪಂಪ್ ನಿಂತ ಕೂಡಲೇ ಅದೇ ಪೈಪಿನಿಂದ ಹೊರಗಿನ ನೀರು ಒಳಗೆ ಹರಿಯಲು ಶುರುವಾಗುತ್ತದೆ. ಎಷ್ಟೋ ದೋಣಿಗಳು ಕಟ್ಟಿದಲ್ಲೇ ಮುಳುಗಲು ಇದೇ ಕಾರಣ. ಇನ್ನೂ ಭದ್ರಕ್ಕೆ ಪೈಪನ್ನು ಒಳಗೆ ದೋಣಿಯ ಅಂಚಿನ ಕೆಳಗಿನವರೆಗೆ, ತೂತಿಗಿಂತ 12 ಸೆಂ.ಮೀ. ಮೇಲಕ್ಕೆ ಒಯ್ದು ಅಲ್ಲಿಂದ ಇಳಿಸಿದೆ. ಕೊರೆಯುವಾಗ ಹೊರಗಡೆಯಿಂದ, ಮಾಸ್ಕಿಂಗ್ ಟೇಪ್ ಅಂಟಿಸಿ, ಹೋಲ್ ಸಾವನ್ನು ಮೊದಲು ಹಿಮ್ಮುಖವಾಗಿ ತಿರುಗಿಸಿ ಬಣ್ಣದ ಪದರ ಕಡಿದ ಮೇಲೆ ಮುಂದಕ್ಕೆ ತಿರುಗಿಸಿದರೆ ಜೆಲ್‌ಕೋಟ್ ಒಡೆಯುವುದಿಲ್ಲ. ಕೊಯ್ದ ಅಂಚಿಗೆ ರೆಸಿನ್ ಬಳಿದು ಒಣಗಿಸಿದ ಮೇಲೆ ಸೀಲೆಂಟ್ ಹಚ್ಚಿ ಫಿಟ್ಟಿಂಗ್ ಬಿಗಿದೆ. ಬಿಳಿ ಪ್ಲಾಸ್ಟಿಕ್ ಫಿಟ್ಟಿಂಗ್ ನಮ್ಮ ಬಿಸಿಲಿಗೆ ಬಿರುಕು ಬಿಡುತ್ತದೆ, ಸ್ಟೀಲಿನದು ಹಾಕಿ.

ಪೈಪ್ 28 ಮಿ.ಮೀ. ಒಳಗಾತ್ರದ್ದು, ಒಳಮೈ ನುಣುಪಿನದು, ಉದ್ದ 1.9 ಮೀಟರ್. ಅಂಗಡಿಯಲ್ಲಿ ಕೊಡುವುದು ಸಾಮಾನ್ಯವಾಗಿ ಸುರುಳಿ ಗೆರೆಯ ಪೈಪ್, ಬಾಗಿಸಲು ಸುಲಭ. ಎರಡನ್ನೂ ಅಳೆದು ನೋಡಿದೆ: ಸುರುಳಿ ಪೈಪಿನಲ್ಲಿ 20 ಲೀಟರ್ ಬಕೆಟ್ ತುಂಬಲು 38 ಸೆಕೆಂಡ್, ನುಣುಪು ಪೈಪಿನಲ್ಲಿ 29. ಅಂದರೆ ನಿಮಿಷಕ್ಕೆ 31 ಲೀಟರಿಗೂ 41ಕ್ಕೂ ಇರುವ ವ್ಯತ್ಯಾಸ, ಪಂಪ್ ಅದೇ. ಡಬ್ಬಿಯ ಮೇಲಿನ ಅಂಕಿಯ ಪ್ರಕಾರ 69 ಬರಬೇಕಿತ್ತು.

ಪೈಪ್ ಪಂಪಿನಿಂದ ಮೇಲಿನ ಬಾಗಿನವರೆಗೆ ಎಲ್ಲೂ ಇಳಿಯದೆ ಏರುತ್ತಲೇ ಹೋಗಬೇಕು. ನಡುವೆ ಜೋತುಬಿದ್ದರೆ ಅಲ್ಲಿ ನೀರು ನಿಂತು, ಅದಕ್ಕೂ ಪಂಪಿಗೂ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಈ ಜಾತಿಯ ಪಂಪಿಗೆ ಗಾಳಿಯನ್ನು ತಳ್ಳುವ ಶಕ್ತಿಯಿಲ್ಲ. ಮೋಟರ್ ಗುಂಯ್ ಎನ್ನುತ್ತಿರುತ್ತದೆ, ನೀರು ಬರುವುದಿಲ್ಲ. ಎರಡು ಪಂಪಿನ ಪೈಪನ್ನು ಟೀ ಹಾಕಿ ಒಂದೇ ತೂತಿಗೆ ಸೇರಿಸಿದರೆ ಒಂದರ ನೀರು ಇನ್ನೊಂದರ ಮೂಲಕ ಮತ್ತೆ ಒಳಗೇ ಬೀಳುತ್ತದೆ. ಅದಕ್ಕೆ ಔಷಧಿಯೆಂದು ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಹಾಕುವವರಿದ್ದಾರೆ. ನಾನು ಹಾಕಲಿಲ್ಲ. ಕಸ ಸಿಕ್ಕಿ ಅದು ಮುಚ್ಚಿಕೊಂಡೇ ಉಳಿಯಬಹುದು, ನೀರನ್ನೂ ತಡೆಯುತ್ತದೆ.

ಚೆಕ್ ವಾಲ್ವ್ ಬಯಸಲು ಇನ್ನೊಂದು ಕಾರಣವಿದೆ. ಪಂಪ್ ನಿಂತಾಗ ಪೈಪಿನಲ್ಲಿದ್ದ ನೀರು ವಾಪಸ್ ಬೀಳುತ್ತದೆ. ಈ ಉದ್ದಕ್ಕೆ ಅದು ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು. ತಳ ಕಿರಿದಾಗಿರುವ ದೋಣಿಯಲ್ಲಿ ಆ ಒಂದು ಲೀಟರಿಗೇ ಫ್ಲೋಟ್ ಮತ್ತೆ ಎದ್ದು ಪಂಪ್ ಓಡಿ ನಿಂತು, ಓಡಿ ನಿಂತು ರಾತ್ರಿಯಿಡೀ ಬ್ಯಾಟರಿ ತಿನ್ನುತ್ತದೆ. ಇದಕ್ಕೆ ಸರಿಯಾದ ಪರಿಹಾರ ಪೈಪನ್ನು ಗಿಡ್ಡ ಮಾಡುವುದು, ಇಲ್ಲವೇ ಫ್ಲೋಟನ್ನು ಇನ್ನೊಂದೆರಡು ಸೆಂಟಿಮೀಟರ್ ಎತ್ತರಿಸುವುದು.

ಕ್ಲ್ಯಾಂಪ್ ಕೊಳ್ಳುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಪಟ್ಟಿ ಸ್ಟೇನ್‌ಲೆಸ್ ಇದ್ದು ಸ್ಕ್ರೂ ಮಾತ್ರ ಸಾದಾ ಇರುವ ಕ್ಲ್ಯಾಂಪ್‌ಗಳು ಬಹಳ ಬರುತ್ತವೆ. ಸ್ಕ್ರೂಗೆ ಅಯಸ್ಕಾಂತ ಗಟ್ಟಿಯಾಗಿ ಹಿಡಿದರೆ ಉಪ್ಪುನೀರಿಗೆ ಅದು ಬೇಡ. ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿದರೆ ಫಿಟ್ಟಿಂಗ್ ಮೇಲೆ ಸರಾಗವಾಗಿ ಏರುತ್ತದೆ.

ವೈರಿಂಗ್‌ನ ದಾರಿ ಸರಳ: ಬ್ಯಾಟರಿಯ ಪ್ಲಸ್, ಫ್ಯೂಸ್, ಫ್ಲೋಟ್ ಸ್ವಿಚ್, ಪಂಪಿನ ಕಂದು ವೈರ್, ಪಂಪಿನ ಕಪ್ಪು ವೈರ್ ನೇರ ಮೈನಸ್‌ಗೆ. ಮೇನ್ ಸ್ವಿಚ್ ಈ ದಾರಿಯಲ್ಲಿ ಬರಬಾರದು. ಮನೆಗೆ ಹೋಗುವಾಗ ಮೇನ್ ಸ್ವಿಚ್ ಆರಿಸಿದರೆ ಪಂಪ್ ಸಾಯಬಾರದಲ್ಲ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ಅದರ ಆಂಪಿಯರ್ ಪಂಪಿನ ಮೇಲೆ ಬರೆದಷ್ಟೇ ಇರಬೇಕು. ಇಂಪೆಲ್ಲರ್ ಸಿಕ್ಕಿಕೊಂಡಾಗ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಸರಿಯಾದ ಫ್ಯೂಸ್ ಆಗ ಹಾರುತ್ತದೆ, ದೊಡ್ಡದು ಹಾಕಿದ್ದರೆ ಮೋಟರ್ ಸುಡುತ್ತದೆ. ಚಾಲಕನ ಹತ್ತಿರ ಕೈಯಿಂದ ಓಡಿಸಲು ಒಂದು ಒತ್ತುವ ಬಟನ್ ಕೊಟ್ಟೆ, ಅದು ಫ್ಲೋಟನ್ನು ದಾಟಿ ನೇರ ಕರೆಂಟ್ ಕೊಡುತ್ತದೆ. ಆಫ್ ಮಾಡುವ ಸ್ವಿಚ್ ಬೇಕೆಂದೇ ಇಡಲಿಲ್ಲ. ಆಫ್ ಇದ್ದರೆ ಯಾರಾದರೂ ಒಂದು ದಿನ ಆಫ್ ಮಾಡಿ ಮರೆಯುತ್ತಾರೆ. ದುರಸ್ತಿ ಬಂದರೆ ಫ್ಯೂಸ್ ಕಿತ್ತರಾಯಿತು.

ಬ್ಯಾಟರಿಯಿಂದ ಪಂಪಿಗೆ 4 ಮೀಟರ್, ಹೋಗಿ ಬರಲು 8. ಅಷ್ಟಕ್ಕೆ 2.5 ಚದರ ಮಿ.ಮೀ. ವೈರ್ ಹಾಕಿದರೆ ಕಾಲು ವೋಲ್ಟ್ ಇಳಿಯುತ್ತದೆ, 1.5 ಹಾಕಿದರೆ ಹೆಚ್ಚುಕಡಿಮೆ ಅರ್ಧ ವೋಲ್ಟ್. ವೋಲ್ಟ್ ಇಳಿದಷ್ಟೂ ನೀರು ಕಡಿಮೆ. ವೈರ್ ತವರ ಲೇಪದ್ದೇ ಆಗಬೇಕು. ಆಟೋ ಎಲೆಕ್ಟ್ರಿಕಲ್ ಅಂಗಡಿಯ ಬರಿ ತಾಮ್ರದ ವೈರನ್ನು ಒಂದು ಮಳೆಗಾಲ ಕಳೆದ ಮೇಲೆ ಸುಲಿದು ನೋಡಿ: ಜಾಯಿಂಟಿನಿಂದ ಒಂದು ಮೊಳ ಒಳಗಿನವರೆಗೂ ಎಳೆಗಳು ಕಪ್ಪಾಗಿ, ಬೆರಳಲ್ಲಿ ತಿಕ್ಕಿದರೆ ಹಸಿರು ಹುಡಿ ಉದುರುತ್ತದೆ. ಪಿವಿಸಿ ಟೇಪ್ ಸುತ್ತಿದ ಜಾಯಿಂಟ್ ನೀರನ್ನು ತಡೆಯುವುದಿಲ್ಲ, ಹಿಡಿದಿಡುತ್ತದೆ. ಒಳಗೆ ಅಂಟಿರುವ, ಬಿಸಿಗೆ ಕುಗ್ಗುವ ಹೀಟ್‌ಶ್ರಿಂಕ್ ಕನೆಕ್ಟರನ್ನು ಕ್ರಿಂಪ್ ಮಾಡಿ (ಇಕ್ಕಳದಿಂದ ಒತ್ತಿ ಬಿಗಿದು), ಬಿಸಿ ಮಾಡಿದಾಗ ಎರಡೂ ತುದಿಯಿಂದ ಅಂಟು ಸ್ವಲ್ಪ ಹೊರಬರುವವರೆಗೆ ಕಾಯಿಸಿದೆ. ಎಲ್ಲ ಜಾಯಿಂಟ್‌ಗಳೂ ತಳದಿಂದ 30 ಸೆಂ.ಮೀ. ಮೇಲೆ.

ಪೆಟ್ರೋಲ್ ಟ್ಯಾಂಕ್ ಹಲಗೆಯ ಕೆಳಗಿರುವ ದೋಣಿಯಾದರೆ ಪಂಪ್, ಸ್ವಿಚ್ ಎರಡೂ ಕಿಡಿ ಹೊರಗೆ ಬಾರದಂತೆ ಮಾಡಿದವೇ ಆಗಿರಬೇಕು. ಆವಿ ತಳದಲ್ಲೇ ಸೇರುವುದು.

ಅಲಾರಂ ಬಜರ್‌ಗೆ ಮೂರನೆಯ ಫ್ಲೋಟ್, 1 ಆಂಪಿಯರ್ ಫ್ಯೂಸ್, ಕರೆಂಟ್ ಮೊದಲ ಬ್ಯಾಟರಿಯಿಂದ. ಎತ್ತರ ಹೊಸ ಪಂಪಿನ ಫ್ಲೋಟ್‌ನಷ್ಟೇ. ಬದಲಿ ಪಂಪ್ ಓಡಿತೆಂದರೆ ಮೊದಲನೆಯದು ಸೋತಿದೆ ಎಂದರ್ಥ, ಅದು ತಕ್ಷಣ ಕಿವಿಗೆ ಬೀಳಬೇಕು. ಎಂಜಿನ್ ಸದ್ದಿನಲ್ಲಿ ತಳದ ಪಂಪಿನ ದನಿ ಕೇಳುವುದಿಲ್ಲ.

ಪರೀಕ್ಷೆಗೆ ದೋಣಿ ದಡದಲ್ಲಿರುವಾಗಲೇ ಡ್ರೇನ್ ಬಿರಡೆ ಹಾಕಿ ಬಾವಿಯ ನೀರು ತುಂಬಿಸಿದೆ. ಮೊದಲ ಪಂಪಿನ ಫ್ಯೂಸ್ ಕಿತ್ತು, ನೀರು 12 ಸೆಂ.ಮೀ. ಮುಟ್ಟಿದಾಗ ಹೊಸದು ಓಡಬೇಕು, ಬಜರ್ ಕೂಗಬೇಕು. ಓಡುವಾಗ ಪಂಪಿನ ತುದಿಯಲ್ಲಿ ಮೀಟರ್ ಹಿಡಿದೆ: ಬ್ಯಾಟರಿಯಲ್ಲಿ 12.6, ಇಲ್ಲಿ 12.3. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಯಾವುದೋ ಕ್ರಿಂಪ್ ಸಡಿಲವಿದೆ.

ಈಗ ತಿಂಗಳಿಗೊಮ್ಮೆ ಕೋಲಿನಿಂದ ಮೂರೂ ಫ್ಲೋಟ್‌ಗಳನ್ನು ಎತ್ತಿ ನೋಡುವುದು, ಜರಡಿ ಬಿಚ್ಚಿ ನೂಲು ತೆಗೆಯುವುದು. ಒಂದು ಬಿಡಿ ಫ್ಲೋಟ್ ಸ್ವಿಚ್, ಎರಡೂ ಅಳತೆಯ ನಾಲ್ಕು ಫ್ಯೂಸ್, ನಾಲ್ಕು ಮರದ ಬಿರಡೆಗಳು ಸೀಟಿನ ಕೆಳಗಿನ ಡಬ್ಬಿಯಲ್ಲಿವೆ. ಹಿಡಿಗೆ ಹಗ್ಗ ಕಟ್ಟಿದ ಬಕೆಟ್ ಅದರ ಪಕ್ಕದಲ್ಲಿದೆ.