ಗಂಟು ಹಾಕಿದ ಹಗ್ಗ ಮತ್ತು ನನ್ನ ಮುಸುಕಿನ ಜೋಳ

ಕುಶಾಲನಗರದ ಸಮೀಪ, ಹಾರಂಗಿ ನಾಲೆಯ ನೀರು ಏರದ ಎತ್ತರದ ನೆಲದಲ್ಲಿ ನನಗೆ ಒಂದೂವರೆ ಎಕರೆ ಹೊಲವಿದೆ. ಮಳೆಯನ್ನೇ ನಂಬಿ ಅದರಲ್ಲಿ ಮುಸುಕಿನ ಜೋಳ ಬೆಳೆಯುತ್ತೇನೆ. ಸಭಾಂಗಣದಲ್ಲಿ ಕುಳಿತು ಕೇಳಿದ ತರಬೇತಿಗಳು ಎರಡು ಮೂರು ಆಗಿದ್ದವು. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಎಂದು ಬರೆದುಕೊಂಡೂ ಬಂದಿದ್ದೆ. ಆದರೆ ಹೊಲಕ್ಕಿಳಿದಾಗ ನೇಗಿಲ ಹಿಂದೆ ಕಾಳು ಬಿದ್ದದ್ದು ಹಳೆಯ ರೂಢಿಯಂತೆಯೇ.

ಆಮೇಲೆ ನಾನು ಸೇರಿದ್ದು ನೆರೆಯವರ ಹೊಲದಲ್ಲೇ, ಬಿತ್ತನೆಯಿಂದ ಕೊಯ್ಲಿನವರೆಗೆ ಹದಿನೈದು ದಿನಕ್ಕೊಮ್ಮೆ ನಡೆದ ತರಬೇತಿಗೆ. ಇಂಡೋನೇಷ್ಯಾದಲ್ಲಿ 1989ರಲ್ಲಿ ಭತ್ತದ ಕೀಟ ನಿರ್ವಹಣೆಗಾಗಿ ಆರಂಭವಾದ ರೈತ ಕ್ಷೇತ್ರ ಪಾಠಶಾಲೆಯ ಮಾದರಿ ಅದು. ಮೊದಲ ದಿನ ನಮ್ಮ ಕೈಗೆ ಕೊಟ್ಟದ್ದು 30 ಸೆಂ.ಮೀ.ಗೆ ಒಂದರಂತೆ ಗಂಟು ಹಾಕಿದ ಹಗ್ಗ. ಮೊಳಕೆ ಬಂದ ಮೇಲೆ ಪ್ರತಿಯೊಬ್ಬರೂ ತಮ್ಮ ಹೊಲದ ಹತ್ತು ಮೀಟರ್ ಸಾಲಿನಲ್ಲಿ ಗಿಡ ಎಣಿಸಬೇಕಿತ್ತು. ಮೂವತ್ತಮೂರರಷ್ಟು ಇರಬೇಕಾದ ಕಡೆ ನನ್ನಲ್ಲಿ ಇದ್ದದ್ದು ಇಪ್ಪತ್ತೆರಡು, ಅದರಲ್ಲೂ ಕೆಲವು ಮೂರು ಮೂರಾಗಿ ಒಂದೇ ಕಡೆ. ಎಕರೆಗೆ ಸುಮಾರು 22,000 ಗಿಡ ಬೇಕಾದ ನೆಲದಲ್ಲಿ ಹದಿನೈದು ಸಾವಿರವೂ ಇಲ್ಲದೆ, ಗೊಬ್ಬರ ಸಾಲದೆಂದು ವರ್ಷಗಟ್ಟಲೆ ಕೊರಗಿದ್ದೆನಲ್ಲ ಎಂದು ಅಂದು ನಿಜಕ್ಕೂ ನೋವಾಯಿತು.

ಯೂರಿಯಾವನ್ನು ಎರಚದೆ, ಬುಡದಿಂದ ನಾಲ್ಕು ಬೆರಳು ದೂರ ಹಾಕಿ ಮಣ್ಣು ಮುಚ್ಚುವುದನ್ನು ಮಾಡಿಸಿದರು. ನೆಲದ ಮೇಲೆ ಉಳಿದ ಯೂರಿಯಾದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. 2018ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡ, ಜೋಳದ ಸುಳಿಯೊಳಗೆ ಅಡಗಿ ತಿನ್ನುವ ಫಾಲ್ ಸೈನಿಕ ಹುಳುವನ್ನು ಸುಳಿ ಬಿಡಿಸಿ ತೋರಿಸಿದರು. ಅದರ ತಲೆಯ ಮೇಲಿನ ತಲೆಕೆಳಗಾದ ‘ವೈ’ ಆಕಾರದ ಗುರುತನ್ನು ಕಣ್ಣಾರೆ ಕಂಡ ಮೇಲೆ ನಾನು ಔಷಧಿಯನ್ನು ಎಲೆಯ ಮೇಲಲ್ಲ, ಸುಳಿಯೊಳಕ್ಕೆ ಬೀಳುವಂತೆ ಸಿಂಪಡಿಸತೊಡಗಿದೆ.

ಮರುವರ್ಷ ಐದೈದು ಗುಂಟೆಯ ಎರಡು ತುಂಡುಗಳಲ್ಲಿ ಒಂದೇ ಬೀಜ, ಒಂದೇ ಪ್ರಮಾಣದ ಗೊಬ್ಬರ ಹಾಕಿ, ಒಂದನ್ನು ಹಳೆಯ ರೀತಿಯಲ್ಲಿ, ಇನ್ನೊಂದನ್ನು ಕಲಿತ ರೀತಿಯಲ್ಲಿ ಬೆಳೆದೆ. ಒಣಗಿಸಿ ತೂಗಿದಾಗ ಹಳೆಯದರಲ್ಲಿ 1.6 ಕ್ವಿಂಟಾಲ್, ಹೊಸದರಲ್ಲಿ 2.3 ಕ್ವಿಂಟಾಲ್ ಕಾಳು ಬಂತು. ಎರಡಕ್ಕೂ ಬಿದ್ದದ್ದು ಒಂದೇ ಮಳೆಯಾದ್ದರಿಂದ ಈ ವ್ಯತ್ಯಾಸವನ್ನು ನಾನು ನಂಬುತ್ತೇನೆ. ಆದರೆ ಹೊಸ ತುಂಡಿನ ಕಳೆಯನ್ನು ಹೊತ್ತಿಗೆ ಸರಿಯಾಗಿ ತೆಗೆದಿದ್ದೆ ಎಂಬುದನ್ನೂ ಹೇಳಬೇಕು. ಹಗ್ಗ ಹಿಡಿದು ಬಿತ್ತಲು ಆಳಿನ ಖರ್ಚೂ ಹೆಚ್ಚಾಯಿತು.

ಒಂದು ಕೊರತೆಯನ್ನು ಮಾತ್ರ ಬಿಡದೆ ಹೇಳುತ್ತೇನೆ. ನಮ್ಮ ಮನೆಯಲ್ಲಿ ಕಾಳು ಬಿಡುವವರು ನನ್ನ ಹೆಂಡತಿ ಮತ್ತು ಅಮ್ಮ. ತರಬೇತಿಗೆ ಹೋದವನು ನಾನು. ನಾನು ಮನೆಗೆ ಬಂದು ಹೇಳಿದ್ದು ಅವರ ಕೈಗೆ ಇಳಿಯಲಿಲ್ಲ. ಮುಂದಿನ ಹಂಗಾಮಿನಲ್ಲಿ ಇಬ್ಬರೂ ನನ್ನೊಡನೆ ಬಂದು ಸ್ವತಃ ಬಿತ್ತಿ ಎಣಿಸಿದ ಮೇಲೆಯೇ ಇಡೀ ಹೊಲದ ಸಾಲು ನೆಟ್ಟಗಾದದ್ದು. ಈಗ ಮೇ ತಿಂಗಳಲ್ಲಿ ಮಳೆ ಬಿದ್ದೊಡನೆ ಕೊಟ್ಟಿಗೆಯಿಂದ ಹಗ್ಗ ತೆಗೆದು ಗಂಟುಗಳನ್ನು ಅಳೆದು ನೋಡುವವರು ಅಮ್ಮ.