ಬೆಂಗಳೂರಲ್ಲಿ ಒಂದೆರಡು ತಿಂಗಳಿಗೆ ಮನೆ ಬೇಕಾ? ‘ಎಲ್ಲಾ ಸೇರಿ’ ಅಂದರೆ ಏನೇನು ಅಂತ ಮೊದಲು ಕೇಳಿ

ಆಫೀಸಿನವರು ಎರಡು ತಿಂಗಳು ಬೆಂಗಳೂರಿಗೆ ಹೋಗಿ ಅಂದಿರುತ್ತಾರೆ. ಇಲ್ಲವೇ ಅಪ್ಪನಿಗೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಇರುತ್ತದೆ. ಅಷ್ಟು ದಿನ ಲಾಡ್ಜಿನಲ್ಲಿ ಇರೋಕಾಗಲ್ಲ. ಮಾಮೂಲಿ ಬಾಡಿಗೆ ಮನೆ ಹಿಡಿಯೋಣ ಅಂದರೆ 11 ತಿಂಗಳ ಅಗ್ರಿಮೆಂಟು, ದೊಡ್ಡ ಅಡ್ವಾನ್ಸು, ಮೇಲೆ ಮಂಚ, ಫ್ರಿಜ್ಜು ಎಲ್ಲ ನಾವೇ ಹೊಂದಿಸಬೇಕು. ಹಾಗಾಗಿ ಸಾಮಾನು ಸಮೇತ ಸಿಗುವ ಫ್ಲಾಟ್ ಹುಡುಕುತ್ತೇವೆ. ಕರೆಂಟು, ನೀರು, ಗ್ಯಾಸು, ವೈಫೈ, ಮೇಂಟೆನೆನ್ಸ್ ಎಲ್ಲಾ ಸೇರಿ ಇಷ್ಟು ಅಂತ ಓನರ್ ಹೇಳುತ್ತಾರೆ. ಆ ‘ಎಲ್ಲಾ’ ಏನು ಅಂತ ಬಿಡಿಸಿ ಕೇಳದೆ ದುಡ್ಡು ಕೊಡಬೇಡಿ.

ಮೊದಲು ಕರೆಂಟು, ಯಾಕೆಂದರೆ ಜಗಳ ಆಗೋದು ಬಹುತೇಕ ಇಲ್ಲೇ. ಸೇರಿದೆ ಅಂತ ಹೇಳಿ, ಆಮೇಲೆ ತಿಂಗಳಿಗೆ 100 ಯೂನಿಟ್ ತನಕ ಮಾತ್ರ ಅನ್ನುವವರಿದ್ದಾರೆ. ಸುಮ್ನೆ ಲೆಕ್ಕ ಹಾಕಿ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ 1 ಯೂನಿಟ್. ದಿನಕ್ಕೆ ಒಂದು ಗಂಟೆ ಅಂದರೆ ತಿಂಗಳಿಗೆ ಬರೀ ಸ್ನಾನಕ್ಕೇ 60 ಯೂನಿಟ್ ಹೋಯಿತು. ಅಡುಗೆಗೆ ಇಂಡಕ್ಷನ್ ಒಲೆ ಕೊಟ್ಟು, ಬೇಸಿಗೆಯಲ್ಲಿ ರಾತ್ರಿಯಿಡೀ ಎಸಿ ಹಾಕುವ ಮನೆಯಾದರೆ 100 ಯೂನಿಟ್ ಹದಿನೈದು ದಿನವೂ ಬರಲ್ಲ. ಆದ್ದರಿಂದ ಮಿತಿ ಎಷ್ಟು, ದಾಟಿದರೆ ಯೂನಿಟ್ಟಿಗೆ ಎಷ್ಟು ಅಂತ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಆ ರೇಟು ಹಿಂದಿನ ತಿಂಗಳ ಬೆಸ್ಕಾಂ ಬಿಲ್ಲಿಗೆ ಹೊಂದುತ್ತದಾ ನೋಡಿ. ಮನೆಗೆ ಹೋದ ದಿನವೇ ಮೀಟರಿನ ಫೋಟೊ ತೆಗೆದು ಓನರಿಗೆ ಕಳಿಸಿ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಕರೆಂಟ್ ಹೋದಾಗ ಓಡುವ ಜನರೇಟರಿಗೆ ಬೇರೆ ರೀಡಿಂಗ್ ಇರಬಹುದು. ಡೀಸೆಲ್ ಅಲ್ವಾ, ಅದರ ರೇಟು ಜಾಸ್ತಿ. ಅದು ಯಾರ ತಲೆ ಮೇಲೆ ಅಂತಲೂ ಕೇಳಿ.

ನೀರಿನ ವಿಷಯ ಓನರನ್ನಲ್ಲ, ವಾಚ್‌ಮನ್ನನ್ನು ಕೇಳಿ. ಕಾವೇರಿ ಬರುತ್ತದಾ, ಬೋರಾ, ಟ್ಯಾಂಕರಾ? 2024ರ ಮಾರ್ಚಿನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಹಾಕುತ್ತಿತ್ತು, ಅಂಥ ಬೇಸಿಗೆ ಮತ್ತೆ ಬರಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ. ಫೆಬ್ರವರಿಯಿಂದ ಮೇ ನಡುವೆ ಬರುವವರು ಟ್ಯಾಂಕರ್ ದುಡ್ಡು ಬಾಡಿಗೆಯಲ್ಲೇ ಸೇರಿದೆಯಾ ಅಂತ ಕೇಳಲೇಬೇಕು. ಕುಡಿಯೋಕೆ ಫಿಲ್ಟರ್ ಇಲ್ಲದಿದ್ದರೆ 20 ಲೀಟರ್ ಕ್ಯಾನಿನ ಖರ್ಚು ನಿಮ್ಮದೇ.

ಗ್ಯಾಸ್ ಸೇರಿದೆ ಅಂದರೆ ತುಂಬಿದ ಸಿಲಿಂಡರಾ, ಖಾಲಿಯಾದರೆ ಇನ್ನೊಂದನ್ನು ಯಾರು ತರಿಸುತ್ತಾರೆ? ವೈಫೈ ಇದೆ ಅಂದರೆ ನೀವು ಲ್ಯಾಪ್‌ಟಾಪ್ ಇಟ್ಟು ಕೂರುವ ರೂಮಿನಲ್ಲೇ ನಿಂತು ಸ್ಪೀಡ್ ನೋಡಿ, ಹಾಲಿನಲ್ಲಿ ನೋಡಿದರೆ ಪ್ರಯೋಜನವಿಲ್ಲ.

ಆಸ್ಪತ್ರೆಗೆ ಬರುವವರಿಗೆ ಒಂದು ಮಾತು. ಬಾಡಿಗೆ ಕಡಿಮೆ ಅಂತ ಊರಾಚೆ ಹೋಗಬೇಡಿ, ಉಳಿಸಿದ್ದೆಲ್ಲ ಆಟೋಗೆ ಹೋಗುತ್ತದೆ. ಕಿದ್ವಾಯಿ, ನಿಮ್ಹಾನ್ಸ್ ಎರಡೂ ಹೊಸೂರು ರಸ್ತೆಯಲ್ಲೇ ಇವೆ, ವಿಲ್ಸನ್ ಗಾರ್ಡನ್, ಜಯನಗರದ ಕಡೆ ಹುಡುಕಿ. ಜಯದೇವಕ್ಕಾದರೆ 2025ರ ಆಗಸ್ಟಿನಿಂದ ಹಳದಿ ಮಾರ್ಗದ ಮೆಟ್ರೋ ಆಸ್ಪತ್ರೆಯ ಹತ್ತಿರವೇ ನಿಲ್ಲುತ್ತದೆ, ಆ ಮಾರ್ಗದ ಯಾವ ಸ್ಟೇಷನ್ ಪಕ್ಕ ಸಿಕ್ಕರೂ ನಡೆಯುತ್ತದೆ. ಲಿಫ್ಟ್ ಇಲ್ಲದ ಮೂರನೇ ಮಹಡಿ ಎಷ್ಟೇ ಚೆನ್ನಾಗಿದ್ದರೂ ಬೇಡ.

ಇನ್ನು ಅಪಾರ್ಟ್‌ಮೆಂಟ್ ಅಸೋಸಿಯೇಷನ್. ಒಂದೆರಡು ತಿಂಗಳಿಗೆ ಬಂದು ಹೋಗುವವರು ಬೇಡ ಅನ್ನುವ ಕಡೆಗಳಿವೆ. ಓನರ್ ಒಪ್ಪಿದರೂ ಗೇಟಿನಲ್ಲಿ ಸೆಕ್ಯುರಿಟಿಯವರು ನಿಮ್ಮನ್ನೂ ಬ್ಯಾಗನ್ನೂ ನಿಲ್ಲಿಸಿಕೊಳ್ಳುತ್ತಾರೆ. ಅಸೋಸಿಯೇಷನ್ನಿಗೆ ಮೊದಲೇ ತಿಳಿಸಿ ಅಂತ ಓನರಿಗೇ ಹೇಳಿ.

ಬರೀ ಫೋಟೊ ನೋಡಿ ಟೋಕನ್ ಅಂತ ಮುಂಗಡ ದುಡ್ಡು ಹಾಕಬೇಡಿ. ನಾನು ಮಿಲಿಟರಿಯಲ್ಲಿದ್ದೇನೆ, ಮನೆ ತೋರಿಸೋಕೆ ಆಗಲ್ಲ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಅನ್ನುವ ಫೋನು ಬಂದರೆ ಅಲ್ಲಿಗೇ ಕಟ್ ಮಾಡಿ. ನೀವೇ ಬರೋಕಾಗದಿದ್ದರೆ ಪರಿಚಯದವರು ಯಾರಾದರೂ ಒಳಗೆ ಹೋಗಿ ನಲ್ಲಿ ತಿರುಗಿಸಿ ನೋಡಲಿ. ಆಧಾರ್ ಕೇಳಿದರೆ ಮೊದಲ 8 ಅಂಕಿ ಮುಚ್ಚಿರುವ ಮಾಸ್ಕ್ಡ್ ಪ್ರತಿ ಕೊಡಿ.

ಎರಡೇ ತಿಂಗಳಾದರೂ ಒಂದು ಅಗ್ರಿಮೆಂಟ್ ಇರಲಿ. ಬಾಡಿಗೆ, ಅದರಲ್ಲಿ ಏನೇನು ಸೇರಿದೆ, ಅಡ್ವಾನ್ಸ್ ಎಷ್ಟು, ಎಷ್ಟು ದಿನ ಮುಂಚೆ ಹೇಳಿ ಬಿಡಬಹುದು, ಇಷ್ಟಿದ್ದರೆ ಸಾಕು. ಬೆಂಗಳೂರಲ್ಲಿ ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಮಾಮೂಲಿ. ಎರಡು ತಿಂಗಳಿದ್ದವರಿಗೆ ಅದು ಅನ್ಯಾಯ, ಪೇಂಟಿಂಗ್ ಚಾರ್ಜ್ ಇಲ್ಲ ಅಂತ ಅದರಲ್ಲೇ ಬರೆಸಿ. ಕಂಪನಿ ನಡೆಸುವ ಸರ್ವಿಸ್ ಅಪಾರ್ಟ್‌ಮೆಂಟಾದರೆ ಹೇಳಿದ ರೇಟಿಗೆ ಜಿಎಸ್‌ಟಿ ಸೇರಿದೆಯಾ ಕೇಳಿ.

ಮೊದಲ ದಿನ ಸೋಫಾ, ಟಿವಿ, ವಾಷಿಂಗ್ ಮೆಷಿನ್, ಬಾತ್‌ರೂಮ್ ಎಲ್ಲದರ ವಿಡಿಯೊ ಮಾಡಿ ಓನರಿಗೆ ವಾಟ್ಸ್ಆ್ಯಪ್ ಮಾಡಿ, ಹಳೇ ಕಲೆ, ಬಿರುಕು ಬಿಡದೆ ತೋರಿಸಿ. ಬಿಡುವ ದಿನ ಓನರನ್ನು ಮನೆಗೇ ಕರೆಸಿ. ಮೀಟರ್ ಇಬ್ಬರೂ ನೋಡಿ, ಲೆಕ್ಕ ಅಲ್ಲೇ ಮುಗಿಸಿ, ಅಡ್ವಾನ್ಸ್ ಅಕೌಂಟಿಗೆ ಬಂದ ಮೇಲೆ ಕೀ ಕೊಡಿ.