ಮೃದಂಗದ ಜೊತೆಗೊಂದು ಮಿಕ್ಸರ್

ಬೆಂಗಳೂರಿನಲ್ಲಿ ಪಕ್ಕವಾದ್ಯದವರ ಕ್ಯಾಲೆಂಡರ್ ಒಂದೇ ಸಮ ಇರುವುದಿಲ್ಲ. ರಾಮೋತ್ಸವ, ಗಣೇಶನ ಹಬ್ಬ, ದಸರಾ ಬಂತೆಂದರೆ ಒಂದೇ ಸಂಜೆಗೆ ಎರಡು ಮೂರು ಕಡೆಯಿಂದ ಫೋನ್. ಆಷಾಢದಲ್ಲಿ ಮದುವೆ ಮನೆಯ ಕಾರ್ಯಕ್ರಮಗಳೂ ನಿಲ್ಲುತ್ತವೆ, ಡಿಸೆಂಬರಿನಲ್ಲಿ ದೊಡ್ಡವರೆಲ್ಲ ಸಂಗೀತೋತ್ಸವಕ್ಕೆಂದು ಚೆನ್ನೈ ಸೇರುತ್ತಾರೆ. ಆ ಖಾಲಿ ದಿನಗಳ ದುಡಿಮೆಗೆ ಪಾಠ ಹೇಳುವುದು ಎಲ್ಲರಿಗೂ ಹೊಳೆಯುವ ದಾರಿ. ನಾನು ಹಿಡಿದದ್ದು ಸಂಗೀತ ಕಛೇರಿಯ ಮೈಕ್, ಮಿಕ್ಸರ್ ನೋಡಿಕೊಳ್ಳುವ ಸೌಂಡ್ ಕೆಲಸ. ಪೆಂಡಾಲಿಗೆ ಸ್ಪೀಕರ್ ಬಾಕ್ಸ್ ಹಾಕುವವರು ಬೀದಿಗೊಬ್ಬರು ಸಿಗುತ್ತಾರೆ. ಆಲಾಪನೆಯಲ್ಲಿ ಗಾಯಕರು ಷಡ್ಜಕ್ಕೆ ಬಂದು ನಿಲ್ಲುವ ಮೊದಲೇ ಪಿಟೀಲಿನ ದನಿ ಏರಿಸಿ ಇಳಿಸುವ ಫೇಡರ್ ಮೇಲೆ ಬೆರಳಿಡುವವರು ಕಡಿಮೆ. ವಾದ್ಯ ಕಲಿತ ಕಿವಿಗೆ ಬೆಲೆ ಸಿಗುವುದು ಅಲ್ಲಿಯೇ.

ಮೊದಲು ಬಂಡವಾಳ. ಬಾಕ್ಸ್, ಆಂಪ್ಲಿಫೈಯರ್ ಕೊಳ್ಳಬೇಡಿ. ಅವುಗಳ ಬೆನ್ನಿಗೇ ಟೆಂಪೋ, ಗೋಡೌನ್, ಹೊರುವ ಹುಡುಗರು ಬರುತ್ತಾರೆ. ಅವನ್ನು ಬಾಡಿಗೆಗೆ ತನ್ನಿ. ನಿಮ್ಮದಾಗಿರಬೇಕಾದ್ದು ಒಂದು ಆಟೋದಲ್ಲಿ ಹಿಡಿಸುವಷ್ಟು ಸಾಮಾನು: ಕನಿಷ್ಠ 8 ಮೈಕ್ ಇನ್‌ಪುಟ್, 2 ಆಕ್ಸ್ (ಕಲಾವಿದರಿಗೇ ಕೇಳಿಸುವ ಮಾನಿಟರ್ ಬಾಕ್ಸಿಗೆ ದನಿ ಕಳಿಸುವ ದಾರಿ) ಇರುವ, ಎಲ್ಲ ಮೈಕಿನ ದನಿ ಬೆರೆಸುವ ಮಿಕ್ಸರ್, ಶ್ಯೂರ್ ಎಸ್‌ಎಂ58 ಮೈಕ್ ಎರಡು, ಎಸ್‌ಎಂ57 ನಾಲ್ಕು, ಎಲೆಕ್ಟ್ರಾನಿಕ್ ವಾದ್ಯವನ್ನು ಮಿಕ್ಸರಿಗೆ ಸೇರಿಸುವ ಒಂದು ಡಿಐ ಬಾಕ್ಸ್, ಗಿಡ್ಡ ಸ್ಟ್ಯಾಂಡ್ ಆರು, 10 ಮೀಟರಿನ ಕೇಬಲ್ ಹತ್ತು. ಎತ್ತರದ ಸ್ಟ್ಯಾಂಡ್ ನೆಲದ ಮೇಲೆ ಕೂತು ಹಾಡುವವರಿಗೆ ಅಡ್ಡಿಯೇ ಹೊರತು ಉಪಯೋಗವಿಲ್ಲ.

ಕೇಬಲನ್ನು ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ಸುರುಳಿಯಲ್ಲಿ ಕೊಂಡು, ಕನೆಕ್ಟರ್ ಬೇರೆ ಕೊಂಡು ನೀವೇ ಬೆಸುಗೆ ಹಾಕಿ. ಎಕ್ಸ್‌ಎಲ್‌ಆರ್ ಎನ್ನುವ ಮೂರು ಪಿನ್ನಿನ ಮೈಕ್ ಕನೆಕ್ಟರಿನಲ್ಲಿ 1ನೇ ಪಿನ್ ಶೀಲ್ಡ್ (ಹೊರಕವಚದ ತಂತಿ), ದನಿ ಹೊರುವ ಎರಡು ತಂತಿಗಳಲ್ಲಿ 2 ಹಾಟ್, 3 ಕೋಲ್ಡ್. ಇದರ ಜೊತೆಗೆ ಅರ್ಧ ಮೀಟರಿನ ಇನ್ನೊಂದು ಕೇಬಲ್ ಮಾಡಿಟ್ಟುಕೊಳ್ಳಿ: ಒಂದು ತುದಿಯಲ್ಲಿ ಮಾತ್ರ 2 ಮತ್ತು 3 ಅದಲುಬದಲು, ಮೇಲೆ ಕೆಂಪು ಟೇಪ್. ಮೃದಂಗಕ್ಕೆ ಎರಡು ಮೈಕ್ ಇಟ್ಟಾಗ, ಒಂದೊಂದೇ ತೆರೆದರೆ ಚೆನ್ನಾಗಿದ್ದು, ಎರಡೂ ತೆರೆದೊಡನೆ ಎಡಗಡೆಯ ಗುಮ್ಕಿ (ಗುಂಯ್ ಎನ್ನುವ ತಗ್ಗಿನ ನಾದ) ಸಪ್ಪೆಯಾಗುವುದುಂಟು. ಎರಡು ಮೈಕಿನ ಅಲೆಗಳು ಒಂದನ್ನೊಂದು ಅಳಿಸಿಹಾಕುವುದೇ ಅದಕ್ಕೆ ಕಾರಣ. ಅಲೆಯನ್ನು ತಿರುಗುಮುರುಗು ಮಾಡುವ ಪೋಲಾರಿಟಿ ಬಟನ್ ಇಲ್ಲದ ಸಣ್ಣ ಮಿಕ್ಸರಿನಲ್ಲಿ ಈ ಕೆಂಪು ಕೇಬಲನ್ನು ಒಂದು ಬದಿಗೆ ಸೇರಿಸಿ ಕೇಳಿ ನೋಡಿ, ಯಾವುದು ತುಂಬಿ ಬರುತ್ತದೋ ಅದನ್ನೇ ಉಳಿಸಿಕೊಳ್ಳಿ.

ಮೈಕ್ ಇಡುವ ಜಾಗ ಸರಿಯಾದರೆ ದನಿಯ ತಗ್ಗು, ತಾರ ಹೊಂದಿಸುವ ಇಕ್ಯೂ ಮುಟ್ಟುವ ಕೆಲಸವೇ ಕಡಿಮೆ. ಹಾಡುಗಾರಿಕೆಗೆ 10ರಿಂದ 15 ಸೆಂ.ಮೀ., ಬಾಯಿಗಿಂತ ಸ್ವಲ್ಪ ಕೆಳಗೆ. ಗಾಯಕರು ಪಕ್ಕವಾದ್ಯದವರ ಕಡೆ ತಿರುಗಿ ತಲೆದೂಗುತ್ತಾರೆ, ಆಗಲೂ ದನಿ ತಪ್ಪಬಾರದು. 100 ಹರ್ಟ್ಸ್ ಆಸುಪಾಸಿನ ಹೈಪಾಸ್ (ಅದಕ್ಕಿಂತ ತಗ್ಗಿನ ಸದ್ದನ್ನು ತಡೆಯುವ ಗುಂಡಿ) ಒತ್ತಿಡಿ. ಪಿಟೀಲಿಗೆ ತಂತಿ ಹೊರುವ ಕುದುರೆಯ ಮೇಲೆ 25–30 ಸೆಂ.ಮೀ., ಮೈಕಿನ ಬೆನ್ನು ಮೃದಂಗದ ಕಡೆಗಿರಲಿ. ಮೃದಂಗದ ಬಲಕ್ಕೆ 15 ಸೆಂ.ಮೀ. ದೂರದಿಂದ, ನಡುವಿನ ಕಪ್ಪು ಕರಣೆಯ ನೇರಕ್ಕಲ್ಲ, ಅಂಚಿನ ಕಡೆಗೆ. ನೇರ ಇಟ್ಟರೆ ಬರೀ ಪೆಟ್ಟು ಕೇಳಿಸುತ್ತದೆ, ಮೀಟಿನ ನಾದ ಬರುವುದಿಲ್ಲ. ಎಡಕ್ಕೆ 20 ಸೆಂ.ಮೀ., ಅಲ್ಲಿ ಹೈಪಾಸ್ ಬೇಡ. ಘಟಕ್ಕೆ ಒಂದು ಗೇಣು. ಮೋರ್ಸಿಂಗ್ ಮಾತ್ರ 5 ಸೆಂ.ಮೀ.ಗಿಂತ ದೂರ ಹೋದರೆ ಕೇಳಿಸುವುದೇ ಇಲ್ಲ. ಎಲೆಕ್ಟ್ರಾನಿಕ್ ತಂಬೂರಿಯನ್ನು ಡಿಐ ಮೂಲಕ ಎಳೆದು ಹೆಚ್ಚಾಗಿ ಮಾನಿಟರಿಗೇ ಕೊಡಿ. ಸಭಿಕರಿಗೆ ಹಿನ್ನೆಲೆಯಷ್ಟು ಸಾಕು.

ಜಗಳ ಶುರುವಾಗುವುದು ಮಾನಿಟರಿನಿಂದ. "ಸ್ವಲ್ಪ ಜಾಸ್ತಿ ಕೊಡಿ ಸರ್" ಎಂದು ನಾಲ್ವರೂ ಕೇಳುತ್ತಾರೆ, ನಾಲ್ವರಿಗೂ ಕೊಟ್ಟರೆ ಬಾಕ್ಸಿನ ದನಿ ಮತ್ತೆ ಮೈಕಿಗೇ ಹೊಕ್ಕು ವಿಸಿಲ್ ಗ್ಯಾರಂಟಿ. ಗಾಯಕರಿಗೆ ತಮ್ಮ ದನಿ ಮತ್ತು ಶ್ರುತಿ, ಪಿಟೀಲಿನವರಿಗೆ ಗಾಯಕರ ದನಿ, ಮೃದಂಗದವರಿಗೆ ಗಾಯಕರ ದನಿಯ ಜೊತೆ ಸ್ವಲ್ಪ ಪಿಟೀಲು. ಮೃದಂಗವನ್ನು ಮಾನಿಟರಿಗೆ ಹಾಕಲೇ ಬೇಡಿ, ಅದು ವೇದಿಕೆಯ ಮೇಲೆ ಹಾಗೇ ಕೇಳಿಸುತ್ತದೆ. ಯಾರಾದರೂ ಹೆಚ್ಚು ಕೇಳಿದರೆ ಮೊದಲು ಬೇರೆಯದನ್ನು ಇಳಿಸಿ ನೋಡಿ, ಬಹಳ ಸಲ ಅಷ್ಟರಲ್ಲೇ ಸಮಾಧಾನವಾಗುತ್ತದೆ. ಎಸ್‌ಎಂ58 ಕಾರ್ಡಿಯಾಯ್ಡ್ ಮೈಕ್, ಅದಕ್ಕೆ ಅತಿ ಕಡಿಮೆ ಕೇಳಿಸುವುದು ನೇರ ಬೆನ್ನಿನ ಕಡೆಯಿಂದ. ಮಾನಿಟರ್ ಇರಬೇಕಾದ್ದು ಅಲ್ಲಿ.

ತೆರೆದಿರುವ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಫೀಡ್‌ಬ್ಯಾಕಿಗೆ (ಅದೇ ಆ ವಿಸಿಲ್) ಮುಂಚೆ ಸಿಗುವ ಗೇನ್, ಅಂದರೆ ಏರಿಸಬಹುದಾದ ದನಿ, 3 ಡೆಸಿಬಲ್ ಕಡಿಮೆಯಾಗುತ್ತದೆ. ಆದ್ದರಿಂದ ಆಲಾಪನೆ ನಡೆಯುವಾಗ ಲಯವಾದ್ಯದ ಚಾನೆಲ್‌ಗಳನ್ನೆಲ್ಲ ಮ್ಯೂಟ್ ಮಾಡಿ, ಕೃತಿ ಎತ್ತಿಕೊಂಡ ಕ್ಷಣವೇ ತೆರೆಯಿರಿ. ಪಲ್ಲವಿಯ ಮೊದಲ ಸಾಲು ಮುಗಿಯುವವರೆಗೆ ಕಾದರೆ ತಡವಾಯಿತು. ಸಂಗೀತ ಗೊತ್ತಿಲ್ಲದವರು ಈ ಮ್ಯೂಟಿನ ತಂಟೆಗೆ ಹೋಗದಿರುವುದೇ ಕ್ಷೇಮ. ವಿಸಿಲ್ ಬರುವ ಫ್ರೀಕ್ವೆನ್ಸಿಯನ್ನು ಜನ ಸೇರುವ ಮುಂಚೆಯೇ ಹುಡುಕಿ 3ರಿಂದ 6 ಡೆಸಿಬಲ್ ಕತ್ತರಿಸಿ. ಮೂರು ನಾಲ್ಕು ಜಾಗಕ್ಕಿಂತ ಹೆಚ್ಚು ಕತ್ತರಿಸಿದರೆ ದನಿ ಕಂಬಳಿ ಹೊದ್ದಂತಾಗುತ್ತದೆ.

ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮೋತ್ಸವದಂಥ ಉದ್ದನೆಯ ಪೆಂಡಾಲಿನಲ್ಲಿ ಹಿಂದಿನ ಸಾಲಿಗೆ ಬೇರೆ ಬಾಕ್ಸ್ ಬೇಕು. ಶಬ್ದ ಒಂದು ಮೀಟರ್ ಸಾಗಲು ಸುಮಾರು 2.9 ಮಿಲಿಸೆಕೆಂಡ್ ಹಿಡಿಯುತ್ತದೆ. 20 ಮೀಟರ್ ಹಿಂದಿನ ಬಾಕ್ಸಿಗೆ 58 ಮಿ.ಸೆ. ಡಿಲೇ (ದನಿಯನ್ನು ತಡೆದು ಬಿಡುವುದು) ಹಾಕಿ, ಮೇಲೆ 10 ಸೇರಿಸಿದರೆ ದನಿ ವೇದಿಕೆಯಿಂದಲೇ ಬಂದ ಹಾಗೆ ಅನ್ನಿಸುತ್ತದೆ. ಡಿಲೇ ಇಲ್ಲದಿದ್ದರೆ ಪ್ರತಿ ಅಕ್ಷರವೂ ಎರಡೆರಡು ಸಲ ಕೇಳಿ ಸಾಹಿತ್ಯ ಕಲಸಿಹೋಗುತ್ತದೆ.

ಕರೆಂಟಿನ ವಿಷಯದಲ್ಲಿ ಯಾರ ಮಾತೂ ಕೇಳಬೇಡಿ. ಸೀರಿಯಲ್ ಸೆಟ್ ಎಳೆದ ಲೈನಿನಿಂದ ಮಿಕ್ಸರಿಗೆ ತೆಗೆದುಕೊಳ್ಳದೆ ಮೇನ್ ಬೋರ್ಡಿನಿಂದ ಬೇರೆ ಲೈನ್ ಕೇಳಿ. ಮಲ್ಟಿಮೀಟರಿನಲ್ಲಿ ಫೇಸ್–ಅರ್ತ್ 230 ವೋಲ್ಟ್ ಹತ್ತಿರ ಇರಬೇಕು, ನ್ಯೂಟ್ರಲ್–ಅರ್ತ್ ಒಂದೆರಡು ವೋಲ್ಟ್ ದಾಟಬಾರದು. ಹಮ್ಮಿಂಗ್ ಬಂತೆಂದು ಪ್ಲಗ್ಗಿನ ಅರ್ತ್ ಪಿನ್ ತೆಗೆಯುವ ಚಾಳಿ ನಮ್ಮಲ್ಲಿದೆ. ಮೈಕ್ ತುಟಿಗೆ ತಾಗುವ ವಸ್ತು, ಇದು ಪ್ರಾಣದ ಪ್ರಶ್ನೆ. ಹಮ್ಮಿಂಗ್ ನಿಲ್ಲಿಸಲೆಂದೇ ಡಿಐ ಬಾಕ್ಸಿನಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ, ಅದು ಕೇಬಲಿನ ಶೀಲ್ಡನ್ನಷ್ಟೇ ಬಿಡಿಸುತ್ತದೆ.

ಬಯಲಿನಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಬಳಸುವಂತಿಲ್ಲ. ಪೊಲೀಸ್ ಅನುಮತಿಯ ಪ್ರತಿ ವಾಟ್ಸಾಪಿನಲ್ಲಿ ತರಿಸಿಕೊಳ್ಳಿ, 9.45ಕ್ಕೆ ಮಂಗಳ ಎಂದು ಕಲಾವಿದರಿಗೆ ಮೊದಲೇ ತಿಳಿಸಿ.

ಪ್ರತಿ ಮೈಕನ್ನೂ ಬೇರೆಬೇರೆಯಾಗಿ ಮುದ್ರಿಸುವ ಯುಎಸ್‌ಬಿ ಮಲ್ಟಿಟ್ರ್ಯಾಕ್ ಇರುವ ಮಿಕ್ಸರ್ ಆದರೆ ರೆಕಾರ್ಡಿಂಗಿನಿಂದಲೂ ದುಡಿಮೆಯಿದೆ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ 8 ಟ್ರ್ಯಾಕ್ ಎರಡೂವರೆ ಗಂಟೆಗೆ 10.4 ಜಿಬಿ ಆಗುತ್ತದೆ. ದನಿಯ ಪೀಕ್ ಮೈನಸ್ 12 ಡೆಸಿಬಲ್ ಸುತ್ತ ಇರಲಿ, ಲಯವಾದ್ಯದವರೇ ನುಡಿಸುವ ತನಿ ಆವರ್ತನದ ಮುಕ್ತಾಯಕ್ಕೆ ಆ ಜಾಗ ಬೇಕೇ ಬೇಕು. ಆಷಾಢದಲ್ಲಿ ಕೈಹಿಡಿಯುವುದು ಭರತನಾಟ್ಯದವರ ಕೆಲಸ: ರಂಗಪ್ರವೇಶದ ರೆಕಾರ್ಡಿಂಗ್, ಸ್ಪರ್ಧೆಗೆ ವರ್ಣವನ್ನು ಎಂಟು ನಿಮಿಷಕ್ಕೆ ಇಳಿಸುವುದು. ಆವರ್ತದ ಎಡುಪ್ಪು (ಸಾಹಿತ್ಯ ಎತ್ತಿಕೊಳ್ಳುವ ಜಾಗ) ನೋಡಿ ಕತ್ತರಿಸಬಲ್ಲ ಎಡಿಟರ್ ಎಂದು ಗೊತ್ತಾದರೆ ನೃತ್ಯಗುರುಗಳು ಬೇರೆ ಕಡೆ ಹೋಗುವುದಿಲ್ಲ. ಧ್ವನಿಮುದ್ರಣವನ್ನು ಯೂಟ್ಯೂಬಿಗೆ ಹಾಕುವ ಮುಂಚೆ ಕಲಾವಿದರೆಲ್ಲರ ಒಪ್ಪಿಗೆ ಬರಹದಲ್ಲಿ ಇರಲಿ, ರಚನೆಯ ಹಕ್ಕನ್ನೂ ನೋಡಿ. ಬದುಕಿದ್ದಾಗಲೇ ಪ್ರಕಟವಾದ ಕೃತಿಗೆ ಕರ್ತೃ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ವಾಗ್ಗೇಯಕಾರ ಮೈಸೂರು ವಾಸುದೇವಾಚಾರ್ಯರು ತೀರಿಕೊಂಡದ್ದು 1961ರಲ್ಲಿ, ಅವಧಿ 2021ಕ್ಕೆ ಮುಗಿಯಿತು. ಕೃತಿಗಳನ್ನು ರಚಿಸಿದ ಮಹಾರಾಜ ಜಯಚಾಮರಾಜ ಒಡೆಯರು 1974ರಲ್ಲಿ, ಹಾಗಾಗಿ 2034ರವರೆಗೆ ಇದೆ.

ಬಿಲ್ಲಿನಲ್ಲಿ ಬಾಕ್ಸಿನ ಬಾಡಿಗೆ ಒಂದು ಸಾಲು, ನಿಮ್ಮ ಸಂಭಾವನೆ ಇನ್ನೊಂದು ಸಾಲು. ಒಟ್ಟಿಗೆ ಬರೆದರೆ ಚೌಕಾಸಿ ಬೀಳುವುದು ಸಂಭಾವನೆಯ ಮೇಲೆಯೇ. ಸಂಸ್ಥೆಯವರು ವೃತ್ತಿ ಶುಲ್ಕವೆಂದು ಶೇ. 10 ಟಿಡಿಎಸ್ ಹಿಡಿದಿದ್ದರೆ ರಿಟರ್ನ್ ಸಲ್ಲಿಸಿ, ತೆರಿಗೆಗಿಂತ ಹೆಚ್ಚು ಹಿಡಿದದ್ದು ವಾಪಸ್ ಬರುತ್ತದೆ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ದಿನಾಂಕಗಳಲ್ಲಿ ನುಡಿಸುವ ಕಛೇರಿಗೇ ಮೊದಲ ಹಕ್ಕು. ಸೌಂಡ್ ಒಪ್ಪಿಕೊಂಡ ಮೇಲೆ ಕಛೇರಿಗೆ ಕರೆ ಬಂದರೆ ಕಳಿಸಲು ಇನ್ನೊಬ್ಬರು ಇರಬೇಕು, ಇಲ್ಲದಿದ್ದರೆ ಒಪ್ಪಿದ್ದನ್ನೇ ಮಾಡಬೇಕು. ಎರಡು ಸಲ ಕೈಕೊಟ್ಟವರನ್ನು ಬಸವನಗುಡಿಯಿಂದ ಮಲ್ಲೇಶ್ವರದವರೆಗೆ ಯಾವ ಸಭಾದ ಕಾರ್ಯದರ್ಶಿಯೂ ಮತ್ತೆ ಕರೆಯುವುದಿಲ್ಲ, ಮೈಕಿಗೂ ಇಲ್ಲ, ಮೃದಂಗಕ್ಕೂ ಇಲ್ಲ.